ಹಸಿರು ಚೀಟಿಯ ಕೊಯ್ತಾ ಮತ್ತು ತುಳಸವ್ವನ ಎಡಗಾಲು

ಕೃಷಿ ಕೈಉಪಕರಣಗಳ ಗುಣಮಟ್ಟ ತಪಾಸಣಾಧಿಕಾರಿಗಳಾದ ಮಾನ್ಯರೇ,

ತಾವು ಪಾಸು ಮಾಡಿದ ಕಬ್ಬು ಕಡಿಯುವ ಕೊಯ್ತಾದ ಅಲಗು ಹೋದ ಹಂಗಾಮಿನಲ್ಲಿ ಹಿಡಿಕೆ ಬಿಟ್ಟು ಹಾರಿ, ಕರೋಶಿಯ ತುಳಸವ್ವನ ಎಡಗಾಲಿಗೆ ಬಡಿದಿದೆ. ಹನ್ನೊಂದು ಹೊಲಿಗೆ. ಹಿಡಿಕೆ ಮಾತ್ರ ಆಕೆಯ ಕೈಯಲ್ಲೇ ಉಳಿದಿತ್ತು. ಅದರ ಮೇಲೆ ‘ತಪಾಸಣೆ ಆಗಿದೆ’ ಎಂಬ ತಮ್ಮ ಹಸಿರು ಚೀಟಿ, ಒಂದು ಮೂಲೆಯೂ ಏಳದೆ, ಅಚ್ಚುಕಟ್ಟಾಗಿ ಅಂಟಿಕೊಂಡಿತ್ತು. ಆ ಇಡೀ ಕೊಯ್ತಾದಲ್ಲಿ ಗಟ್ಟಿಯಾಗಿ ಕೂತಿದ್ದ ವಸ್ತು ಅದೊಂದೇ. ಆದ್ದರಿಂದ ಅಂಟು ಪೂರೈಸಿದವರಿಗೆ ನನ್ನ ಅಭಿನಂದನೆ ತಲುಪಿಸಬೇಕೆಂದು ಮೊದಲಿಗೆ ವಿನಂತಿ.

ಆ ಕೊಯ್ತಾ ಮಾರಿದವನು ನಾನೇ. ಏಕಸಂಬಿಯಲ್ಲಿ ನನ್ನದೊಂದು ಅಂಗಡಿಯಿದೆ. ಸೈಕಲ್ಲಿನ ಮೇಲೆ ಮೊಳೆ, ಸರಪಳಿ, ಹಗ್ಗ ಹೇರಿಕೊಂಡು ಊರೂರು ಕೂಗುತ್ತ ಶುರು ಮಾಡಿದವನು. ಯಾವ ಸಾಮಾನು ಯಾವ ಊರಿನಿಂದ ಮರಳಿ ಬಂತೆಂದು ಬರೆದಿಡುವ ಚಟ ಅಂದಿನದು. ಹೋದ ಹಂಗಾಮಿನ ಪುಟ ಹೀಗಿದೆ: ಮಾರಿದ ಕೊಯ್ತಾ ನೂರಾ ಇಪ್ಪತ್ತು. ಬಾಗಿ ಬಂದದ್ದು ಒಂಬತ್ತು, ಬಾಯಿ ಮುಕ್ಕಾಗಿ ಬಂದದ್ದು ಹದಿನಾಲ್ಕು, ಹಿಡಿಕೆ ಬಿಟ್ಟು ಬಂದದ್ದು ಆರು. ಒಂದೇ ಪೆಟ್ಟಿಗೆಯ ಮಾಲಿನಲ್ಲಿ ಒಂದು ತಗಡಿನಷ್ಟು ಮೆತ್ತಗೆ, ಅದರ ಪಕ್ಕದ್ದು ಗಾಜಿನಷ್ಟು ಪೆಡಸು. ಕಾಸಿ ನೀರಿಗಿಳಿಸುವಾಗಿನ ಹದವನ್ನು ಯಾರು ನೋಡಿದರು? ಯಾರೂ ನೋಡದಿದ್ದರೆ ಹೀಗಾಗುವುದು ಸಹಜ. ಯಾರೋ ನೋಡಿಯೂ ಹೀಗಾಯಿತು ಎಂದು ತಮ್ಮ ಚೀಟಿ ಹೇಳುತ್ತದಲ್ಲ, ಅದು ನನಗೆ ತಿಳಿಯದ ವಿದ್ಯೆ.

ಅಗ್ಗದ ಮಾಲು ಇಷ್ಟೇ ಎನ್ನಬೇಡಿ. ಅಗ್ಗದ ಮಾಲೇ ನಮಗೆ ಬೇಕು. ಮೊದಲು ಭರಮು ಎಂಬ ಕಮ್ಮಾರ ನನಗೆ ತಿಂಗಳಿಗೆ ನಲವತ್ತು ಕೊಯ್ತಾ ಮಾಡಿಕೊಡುತ್ತಿದ್ದ. ಒಂದರಂತೆ ಇನ್ನೊಂದಿರುತ್ತಿರಲಿಲ್ಲ, ಹೇಳಿದ ದಿನಕ್ಕೆ ಬಂದದ್ದು ನನ್ನ ಪುಟದಲ್ಲಿ ಎಲ್ಲೂ ಇಲ್ಲ. ಆದರೆ ಪ್ರತಿಯೊಂದನ್ನೂ ನನ್ನ ಅಂಗಡಿಯ ಮೆಟ್ಟಿಲುಗಲ್ಲಿಗೆ ಅಡ್ಡಡ್ಡ ಮೂರು ಸಲ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಕೊಡುತ್ತಿದ್ದ. “ಮುರದ್ರ ಇಲ್ಲೇ ಮುರೀಲಿ ಬಿಡ್ರಿ, ಹೊಲದಾಗ ಮಂದಿ ಇರತಾರ” ಎನ್ನುತ್ತಿದ್ದ. ಕಾರ್ಖಾನೆಯ ಕೊಯ್ತಾ ಬಂದ ವರ್ಷ ನಾನೇ ಅವನನ್ನು ಬಿಟ್ಟೆ. ಇಷ್ಟು ಸೀಮೆಯ ಕಬ್ಬಿಗೆ ಒಬ್ಬ ಭರಮು ಎಲ್ಲಿ ಸಾಕಾಗುತ್ತಾನೆ? ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರ ಬಂದಮೇಲೆ ಆ ಮೂರು ಏಟು ಯಾರ ಪಾಲಿಗೆ ಹೋದವು ಎಂಬುದಷ್ಟೇ ಪ್ರಶ್ನೆ.

ತುಳಸವ್ವನ ಪಾಲಿಗೆ ಹೋದವು. ಹೇಗೆಂದರೆ, ಕಾರ್ಖಾನೆಯ ಕೊಯ್ತಾ ಪ್ಲಾಸ್ಟಿಕ್ಕಿನಲ್ಲಿ ಸೀಲಾಗಿ ಬರುತ್ತದೆ. ನಮ್ಮ ಜನ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ತನಕ ಅದನ್ನು ಬಿಚ್ಚುವುದಿಲ್ಲ. ಪೂಜೆಯಾದ ಮೇಲೆ ಕಲ್ಲಿಗೆ ಬಡಿಯುವುದಿಲ್ಲ. ನೇರ ಹೊಲಕ್ಕೇ ಒಯ್ಯುತ್ತಾರೆ. ಅಲ್ಲಿ ಮೊದಲ ಏಟು ಕಬ್ಬು ಕಡಿಯುವ ಗ್ಯಾಂಗಿನ ಹಿರಿಯರದ್ದು, ಅದು ಗೌರವ. ಮೂವತ್ತು ವರ್ಷ ಕಬ್ಬು ಕಡಿದ ತುಳಸವ್ವ ಹೋದ ಸಲ ಆ ಗೌರವ ಪಡೆದಳು. ಕಾಯಿ ಒಡೆಯಲು ನನ್ನನ್ನೂ ಕರೆದಿದ್ದರು, ಹಾಗಾಗಿ ಕಣ್ಣಾರೆ ಕಂಡೆ. ಏಟು ಬಿತ್ತು, ಕಬ್ಬು ನಿಂತೇ ಇತ್ತು. ತುಳಸವ್ವ ಕೈಯಲ್ಲಿದ್ದ ಹಿಡಿಕೆಯನ್ನು ನೋಡಿ, ನನ್ನತ್ತ ತಿರುಗಿ, “ಜಯಪಾಲಣ್ಣಾ, ಉಳಿದದ್ದು ಎಲ್ಲಿ ಹೋತೋ?” ಎಂದಳು. ಆಮೇಲೆ ಕಾಲು ನೋಡಿಕೊಂಡಳು. ಹಿಡಿಕೆಯೊಳಗೆ ಹೋಗಿ ಕೂರಬೇಕಾದ ಅಲಗಿನ ಬಾಲ ಎರಡೇ ಬೆರಳಿನಷ್ಟಿತ್ತು.

ಎರಡೂ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ತಮ್ಮ ಕಚೇರಿಗೆ ಬಂದೆ. ಬಾಗಿಲಲ್ಲಿ ಕಾವಲುಗಾರ ತಡೆದ. “ಆಯುಧ ಒಳಗ ಬಿಡಾಂಗಿಲ್ರಿ.”

“ಮುರದೈತ್ರಿ ಇದು. ಅಲಗ ಬ್ಯಾರೆ, ಹಿಡಿಕಿ ಬ್ಯಾರೆ.”

“ಹಂಗಾದ್ರ ಎರಡ ಆದ್ವಲ್ರಿ!”

ತಮ್ಮ ಕಚೇರಿಯಲ್ಲಿ ಕಸುಬು ತಿಳಿದು ತಪಾಸಣೆ ಮಾಡುವ ಒಬ್ಬ ಮನುಷ್ಯನಿದ್ದಾನೆ, ಅವನು ಬಾಗಿಲಲ್ಲಿದ್ದಾನೆ. ಒಳಗೆ ಗುಮಾಸ್ತರು ಗಾಜಿನ ಕಪಾಟಿನಲ್ಲಿದ್ದ ಮಾದರಿ ಕೊಯ್ತಾ ತೋರಿಸಿದರು. ಕಂಪನಿಯೇ ಆರಿಸಿ ಕಳಿಸಿದ್ದಂತೆ. ಅದರ ಬಾಲ ಹಿಡಿಕೆಯುದ್ದಕ್ಕೂ ಹಾಯ್ದು ತುದಿಯಲ್ಲಿ ಹೊರಗೆ ಇಣುಕುತ್ತಿತ್ತು. ನಮಗೆ ಬಂದದ್ದರ ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ. ಕಬ್ಬು ಕಡಿಯಲಾರದ್ದನ್ನು ನಮಗೆ ಕೊಟ್ಟು, ಕಡಿಯಬಲ್ಲದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೀರಿ. ನಾನು ಬರೆದುಕೊಟ್ಟ ದೂರಿಗೆ ತಿಂಗಳ ನಂತರ ಉತ್ತರ ಬಂತು: ‘ಬಳಕೆದಾರರ ಅಜಾಗರೂಕತೆ.’ ಒಪ್ಪಿದೆ. ಚೀಟಿ ಓದಿ ನಂಬಿದ್ದು ಅಜಾಗರೂಕತೆಯೇ.

ಈ ವರ್ಷ ಬುದ್ಧಿ ಬಂದು, ನಾನೇ ಪ್ಲಾಸ್ಟಿಕ್ ಬಿಚ್ಚಿ ಹತ್ತು ಕೊಯ್ತಾಗಳನ್ನು ಮೆಟ್ಟಿಲುಗಲ್ಲಿಗೆ ಬಡಿದೆ. ಎರಡು ಅಲ್ಲೇ ಕೈಕೊಟ್ಟವು. ಗಟ್ಟಿ ನಿಂತ ಎಂಟನ್ನು ತುಳಸವ್ವನ ಗ್ಯಾಂಗಿನ ಮುಂದಾಳು ಮುರಗೆಪ್ಪನ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

“ಬಿಚ್ಚಿದ ಮಾಲ ಪೂಜಿಗಿ ಹೆಂಗ ಇಡೂದ್ರಿ? ಸೀಲ್ ಇದ್ದದ್ದ ಕೊಡ್ರಿ.”

“ತುಳಸವ್ವನ ಕಾಲ ಮರತೇನೋ?”

“ನೆನಪೈತ್ರಿ. ಅದಕ್ಕ ಈ ಸಲ ಪೂಜಿ ಜೋರ ಮಾಡಾವ್ರದೀವಿ.”

ನನ್ನ ಕೈ ಕಟ್ಟಿಹೋದದ್ದು ಹೀಗೆ. ನಾನು ಪರೀಕ್ಷಿಸಿದರೆ ಅದು ಹಳೆಯ ಮಾಲು, ಪರೀಕ್ಷಿಸದಿದ್ದರೆ ಹೊಸದು. ಬಡಿದು ನೋಡುವ ಕೆಲಸ ಪ್ಲಾಸ್ಟಿಕ್ ಸುತ್ತುವ ಮೊದಲೇ ಆಗಬೇಕು, ಮತ್ತು ಅಲ್ಲಿ ನಿಲ್ಲುವ ಅಧಿಕಾರ ಈ ರಾಜ್ಯದಲ್ಲಿ ತಮಗೆ ಮಾತ್ರ ಇದೆ. ನಿಲ್ಲುತ್ತೀರಾ? ಪೂಜೆಗೆ ಮೂರು ವಾರವಿದೆ. ಅದೇ ಹಸಿರು ಚೀಟಿಯ ಮಾಲು ಏಕಸಂಬಿಗಷ್ಟೇ ಅಲ್ಲ, ಬೇಡಕಿಹಾಳದ ಅಂಗಡಿಗೂ ಬಂದಿಳಿದಿದೆ.

ಈ ಸಲ ಮೊದಲ ಏಟು ಹಾಕಬೇಡವೆಂದು ತುಳಸವ್ವನಿಗೆ ಹೇಳಿಬರಲು ಹೋಗಿದ್ದೆ. ಆಕೆ ಈಗ ಕುಂಟುತ್ತಾಳೆ. “ಮತ್ತ್ಯಾರ ಹೊಡೀಬೇಕೋ? ಸಣ್ಣವರ ಕೈಯಾಗ ಕೊಟ್ಟು ನಾ ನೋಡ್ಕೋತ ನಿಂದರ್ಲಿ?” ಎಂದಳು.

ಹಾಗಾಗಿ ನನ್ನ ಬೇಡಿಕೆ ಒಂದೇ. ಬಂದಿಳಿದ ಮಾಲನ್ನು ಹಿಂದಕ್ಕೆ ಕರೆಸಿ, ಒಂದೊಂದನ್ನೂ ಮೂರು ಸಲ ಬಡಿಸಿ, ಹಿಡಿಕೆಯ ತುದಿಯಲ್ಲಿ ಬಾಲ ಕಾಣುವಂತೆ ಮಾಡಿಸಿ, ಆಮೇಲೆ ಸೀಲು ಮಾಡಿಸಿ. ಅದು ಆಗದಿದ್ದರೆ ಕಬ್ಬು ಕಡಿಯುವ ಮೊದಲ ದಿನ ತಾವು ಕರೋಶಿಗೆ ಬಂದು, ತಮ್ಮ ಚೀಟಿಯ ಕೊಯ್ತಾದಿಂದ ತಾವೇ ಮೊದಲ ಏಟು ಹಾಕಿ. ತಮಗಾದರೆ ಆ ಗೌರವ ಬಿಟ್ಟುಕೊಡಲು ತುಳಸವ್ವ ಒಪ್ಪಿದ್ದಾಳೆ. ತಮಗೆ ತಿಳಿಸಲು ಹೇಳಿದ್ದಾಳೆ: “ಬರ್ಲಿ ಸಾಹೇಬ್ರು. ಎಡಗಾಲ ಎಲ್ಲಿ ಇಟ್ಕೋಬೇಕಂತ ನಾ ತೋರಸ್ತೀನಿ.”

ಇಂತಿ,
ಚೀಟಿ ಓದಿ ಕಲ್ಲು ಮರೆತ
ಜಯಪಾಲ ಮಗದುಮ್ಮ
ಏಕಸಂಬಿ