ಸತೀಶ್ ಹೆಸರಿನ ಖಾತೆ

ಜನ್ನಾಪುರ, ಭದ್ರಾವತಿ
9 ಜುಲೈ 2024

ಪ್ರೀತಿಯ ಸತೀಶ್ ಅವರಿಗೆ,

ಬೆನ್ನುನೋವು ಹೇಗಿದೆ? ಅಲ್ಲಿಯ ಊಟ ಹಿಡಿಸುತ್ತಿದೆಯೇ? ರಮ್ಮಿ ಚಟ ಬಿಡಿಸುವವರು ನಿಮ್ಮ ಕೈಗೆ ಫೋನ್ ಕೊಡುವುದಿಲ್ಲ, ಕಾಗದವಾದರೆ ತಲುಪಿಸುತ್ತೇವೆ ಎಂದರು. ಹಾಗಾಗಿ ಮದುವೆಯಾಗಿ ಹದಿನೇಳು ವರ್ಷಕ್ಕೆ ನಿಮಗೆ ಮೊದಲ ಕಾಗದ. ಅತ್ತೆ ಚೆನ್ನಾಗಿದ್ದಾರೆ. ದಿನಾ ಸೊಪ್ಪಿನ ಸಾರು ಮಾಡುತ್ತೇನೆಂದು ಮುನಿಸು, ಅಷ್ಟೆ.

ನೀವು ಹೋದ ನಾಲ್ಕನೇ ದಿನ ದಾಕ್ಷಾಯಣಮ್ಮ ಟೀಚರ್ ನಮ್ಮ ಡಿಟಿಪಿ ಅಂಗಡಿಗೆ ಬಂದರು. ಅವರ ಆತ್ಮಕಥೆ ಪೂರ್ತಿ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಖಾತೆಯಲ್ಲಿದೆ. ಕೈಬರಹದ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿದೆಯಂತೆ. "ಎಂಬತ್ತಾರಾಯ್ತು ಮಾರಾಯ್ತಿ, ಇನ್ನೊಂದ್ ಸಲ ಬರಿಯಕ್ಕೆ ನನ್ ಕೈಲಾಗಲ್ಲ" ಎಂದರು. ನಿಮ್ಮ ಪಾಸ್‌ವರ್ಡ್ ನನಗೆ ಗೊತ್ತಲ್ಲ, ಹಾಕಿದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬಂತು. ಪಾಸ್‌ವರ್ಡ್ ತಪ್ಪೆಂದೂ ಹೇಳಲಿಲ್ಲ. ಮೂರು ಸಲವೂ ಹಾಗೇ.

ಮೊದಲು ನನಗೆ ಅನುಮಾನ ಬಂದದ್ದು ನಮ್ಮ ವಿಶ್ವಾರಾಧ್ಯರ ಮೇಲೆ. ಪ್ರೂಫ್ ನೋಡುವವರು ಆ ವಾರ ದಿನವೂ ಬೇಗ ಹೊರಟುಬಿಡುತ್ತಿದ್ದರು, ಕೇಳಿದರೆ ಹೊಳೆಹೊನ್ನೂರಿನ ಬಸ್ಸು ಎನ್ನುತ್ತಿದ್ದರು. ಟೀಚರ್ ಪುಸ್ತಕವನ್ನು ಬೇರೆ ಪ್ರೆಸ್ಸಿಗೆ ದಾಟಿಸಿದರೇನೋ ಎಂದುಕೊಂಡು, ಅವರು ಟೀಗೆ ಹೋದಾಗ ಅವರ ಚೀಲ ತೆಗೆದು ನೋಡಿದೆ. ಬಾಗಿಲಲ್ಲಿ ನಿಂತು ನೋಡಿಬಿಟ್ಟರು. "ಕೇಳಿದ್ರೆ ನಾನೇ ತೋರಿಸ್ತಿದ್ನಲ್ಲಮ್ಮ" ಎಂದರು. ಚೀಲದಲ್ಲಿ ಪುಸ್ತಕದ್ದೇನೂ ಇರಲಿಲ್ಲ, ತಪ್ಪಾಯಿತೆಂದು ಅವರ ಕೈಗೆ ಕೊಟ್ಟೆ.

ಆಮೇಲೆ ನೀವು ಕಲಿಸಿಕೊಟ್ಟಂತೆ ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ ತೆರೆದು ಅಲ್ಲಿಂದ ನಿಮ್ಮ ಹೆಸರು ಕೊಟ್ಟೆ. ಈ ಖಾತೆ ಸದ್ಯಕ್ಕೆ ಲಭ್ಯವಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು. ನನ್ನ ಖಾತೆಗೆ ಹೋಗಿ, ಒಳಗೆ ಬಿಟ್ಟು ಆಜ್ಞೆ ಕೇಳುವ ಶೆಲ್ ಯಾರಿಗೆ ಯಾವುದು ಎಂದು ಬರೆದಿಟ್ಟಿರುವ ಕಡತ ನೋಡಿದೆ. ನನ್ನ ಸಾಲಿನ ಕೊನೆಗೆ ಬ್ಯಾಶ್, ನಿಮ್ಮ ಸಾಲಿನ ಕೊನೆಗೆ ನೋಲಾಗಿನ್. ಬಾಗಿಲಿದೆ, ಒಳಗೆ ಬಿಡುವವರಿಲ್ಲ. ಬದಲಿಸಿದವರು ಯಾರೆಂದು, ಯಾರು ಯಾವಾಗ ಏನು ಮಾಡಿದರೆಂದು ದಾಖಲಾಗುವ ಲಾಗ್ ತೆಗೆದರೆ ನಿಮ್ಮದೇ ಹೆಸರು. ಜೂನ್ 24, ಬೆಳಿಗ್ಗೆ ಆರೂ ನಲವತ್ತು. ಊರು ಬಿಡುವ ಮೊದಲು ಅಂಗಡಿಗೆ ದೀಪ ಹಚ್ಚಿ ಬರುತ್ತೇನೆಂದು ಹೋದಿರಲ್ಲ, ಆಗ.

ನನ್ನ ಕಣ್ಣಿಂದ ಏನು ಮುಚ್ಚಿಟ್ಟಿದ್ದೀರಿ ಎಂದು ಸಿಟ್ಟು ಬಂತು. ನಿಮ್ಮ ಶೆಲ್ ಮತ್ತೆ ಬ್ಯಾಶ್ ಮಾಡಿ ಒಳಹೊಕ್ಕೆ. ಟೀಚರ್ ಪುಸ್ತಕ ಒಂದಕ್ಷರ ಕೆಡದೆ ಇತ್ತು, ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಆದರೂ ಬಿಡದೆ, ನೀವು ಕೊಟ್ಟ ಆಜ್ಞೆಗಳ ಪಟ್ಟಿಯನ್ನು ಕೊನೆತನಕ ಓದಿದೆ. ಬೆಳಿಗ್ಗೆ ರಮ್ಮಿ ಸೈಟು ತೆರೆಯದಂತೆ ತಡೆದಿದ್ದೀರಿ, ಸಂಜೆ ಆ ತಡೆ ತೆಗೆದಿದ್ದೀರಿ. ಮರುದಿನ ಮತ್ತೆ ತಡೆ, ಮತ್ತೆ ತೆಗೆದದ್ದು. ಹನ್ನೊಂದು ಸಲ ಎಣಿಸಿದೆ. ಕೊನೆಯ ಸಾಲು ನೋಲಾಗಿನ್. ನೀವು ಬಾಗಿಲು ಹಾಕಿದ್ದು ನನಗಲ್ಲ, ನಿಮಗೇ ಎಂದು ಆಗ ತಿಳಿಯಿತು. ಪಕ್ಕದಲ್ಲೇ ಕೂತು ಮದುವೆ ಕಾರ್ಡು ಮಡಿಚುತ್ತಿದ್ದೆ, ನನಗೆ ಒಂದು ಮಾತು ಹೇಳಬಾರದಿತ್ತೇ?

ನಿಮ್ಮ ಖಾತೆಯನ್ನು ಮತ್ತೆ ನೀವು ಮುಚ್ಚಿದ ಹಾಗೇ ಮುಚ್ಚಿದ್ದೇನೆ. ನನ್ನ ಪಾಸ್‌ವರ್ಡನ್ನೂ ಬದಲಿಸಿದ್ದೇನೆ, ಅದು ನಿಮಗೆ ಗೊತ್ತಿತ್ತಲ್ಲ. ಮೈ ನೋಡಿಕೊಳ್ಳಿ, ಅವರು ಹೇಳಿದಷ್ಟು ದಿನವೂ ಇದ್ದೇ ಬನ್ನಿ.

ನಿಮ್ಮ
ವೇದಾವತಿ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಕೇಳದೆ ಇರಲಾರೆ. ಜೂನ್ 11ರಂದು ಶಿವಮೊಗ್ಗದಲ್ಲಿ ಅತ್ತೆಯ ಕಣ್ಣಿನ ಆಪರೇಷನ್. ಅಂಗಡಿ ಮುಚ್ಚಿ ನಾನು ಮನೆಯಲ್ಲಿದ್ದೆ; ನೀವು ಇಡೀ ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲೇ ನಿಂತಿದ್ದೆ ಅಂದಿರಿ. ಲಾಗಿನಲ್ಲಿ ಆ ದಿನ ಬೆಳಿಗ್ಗೆ ಹನ್ನೊಂದೂವರೆಗೆ ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿದೆ, ತಡೆ ತೆಗೆದದ್ದು. ಅತ್ತೆ ಇವತ್ತಿಗೂ ಬಂದವರಿಗೆಲ್ಲ "ನನ್ ಮಗ ನೀರೂ ಕುಡೀದೆ ಕಾದಿದ್ದ" ಅಂತಾರೆ. ಅವರಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ನನಗೆ ಮಾತ್ರ ನಿಜ ಬರೆಯಿರಿ.