ಪರೀಕ್ಷೆ ಬೇಡವೆಂದ ಪತ್ರವನ್ನು ರದ್ದುಪಡಿಸುವ ಬಗ್ಗೆ

ಮನೆಯ ಮುಂಗೋಣೆ, ಹದಿನಾಲ್ಕನೇ ತಾರೀಖು, ಮಂಗಳವಾರ

೧. ಬರೆಯುವವನು: ಅಣ್ಣ, ನಿವೃತ್ತ ಅರ್ಜಿ ನಕಲುಗಾರ, ವಯಸ್ಸು ಎಪ್ಪತ್ತೊಂದು.
೨. ಓದತಕ್ಕವನು: ತಮ್ಮ, ಹೋಟೆಲಿನ ಲಾಂಡ್ರಿ ಮೇಲ್ವಿಚಾರಕ, ವಯಸ್ಸು ಐವತ್ತನಾಲ್ಕು.
೩. ವಿಷಯ: ಕಳೆದ ವಾರದ ನನ್ನ ಪತ್ರ.

ಪ್ರೀತಿಯ ತಮ್ಮಾ,

ಕ್ಷೇಮವಾಗಿದ್ದೀಯೆಂದು ಭಾವಿಸಿದ್ದೇನೆ, ಭಾವಿಸಿದರೆ ಸಾಲದೆಂದೇ ಈ ಪತ್ರ. ಇಸ್ತ್ರಿ ಯಂತ್ರದಿಂದ ಬಂದ ಮೊಣಕೈ ನೋವು ಹೇಗಿದೆ? ಎರಡು ತಿಂಗಳ ಹಿಂದೆ ಹೊಸ ಗೆಳತಿಯೊಡನೆ ಕೂಡಿದ್ದನ್ನೂ, ಮೂರು ವಾರದ ಬಳಿಕ ಜ್ವರ, ಗಂಟಲುನೋವು, ಎದೆಯ ಮೇಲೆ ದದ್ದು, ಕುತ್ತಿಗೆಯಲ್ಲಿ ಗಂಟು ಕಾಣಿಸಿ ಹತ್ತು ದಿನದಲ್ಲಿ ತಾವಾಗಿಯೇ ಇಳಿದದ್ದನ್ನೂ ತಿಳಿಸಿ, ಎಚ್‌ಐವಿ ಪರೀಕ್ಷೆ ಮಾಡಿಸಲೇ ಎಂದು ನೀನು ಕೇಳಿದ್ದೆ. ಇಳಿದ ಮೇಲೆ ಅಗತ್ಯವಿಲ್ಲವೆಂದು ನಾನು ಅಪ್ಪಣೆ ಕೊಡಿಸಿದ್ದೆ.

ಐದು ದಿನಗಳ ಹಿಂದೆ ಆರೋಗ್ಯ ಕೇಂದ್ರದ ನರ್ಸಮ್ಮ ಇವೇ ಲಕ್ಷಣಗಳ ಪಟ್ಟಿಯನ್ನು ನನ್ನ ಕೈಗಿತ್ತು, ಪರೀಕ್ಷಾ ಕೊಠಡಿಯ ಬಾಗಿಲಿಗೆ ಹಲಗೆ ಬರೆದುಕೊಡಿ ಎಂದರು. ಯಾರು ಅರ್ಹರೆಂದು ನಮೂದಿಸದೆ ನಾನು ಯಾವ ಅರ್ಜಿಯನ್ನೂ ಮುಗಿಸಿದವನಲ್ಲ. ಆದ್ದರಿಂದ ‘ಮೇಲ್ಕಂಡ ಲಕ್ಷಣಗಳು ಹಾಲಿ ಇರತಕ್ಕವರು ಮಾತ್ರ ಒಳಬರತಕ್ಕದ್ದು’ ಎಂದು ಕೊನೆಗೆ ಸೇರಿಸಿದೆ. ಎರಡು ದಿನ ಆ ಕೊಠಡಿಗೆ ನರಪಿಳ್ಳೆಯೂ ಸುಳಿಯಲಿಲ್ಲ. ಮೂರನೆಯ ದಿನ ನರ್ಸಮ್ಮ ಹಲಗೆಯನ್ನು ಕಂಕುಳಲ್ಲಿರುಕಿಕೊಂಡು ನಮ್ಮ ಮನೆಗೇ ಬಂದರು.

“ಅಕ್ಷರ ಮುತ್ತಿನ ಹಾಗಿದೆ ತಾತ. ಆದ್ರೆ ಬರಬೇಕಾದವರನ್ನೇ ಬಾಗಿಲಿಂದ ಓಡಿಸ್ತಿದೆ.”

ಜ್ವರ ಹೋದರೆ ವೈರಸ್ ಎಲ್ಲಿಗೆ ಹೋಗುತ್ತದೆಂದು ಕುತೂಹಲ ತಡೆಯದೆ ಕೇಳಿದೆ.

“ಎಲ್ಲೂ ಹೋಗಲ್ಲ. ರಕ್ತದಲ್ಲೇ ವರ್ಷಗಟ್ಟಲೆ ಸದ್ದಿಲ್ದೆ ಕೂತಿರುತ್ತೆ.”

ಹಾಗಾದರೆ ದದ್ದು ನೋಡಿಯೇ ಹೇಳಬಾರದೇ? ಬಾರದಂತೆ, ಅಂಥ ದದ್ದು, ಅಂಥ ಗಂಟು ಬೇರೆ ಹತ್ತು ಜ್ವರಗಳಲ್ಲೂ ಬರುತ್ತವೆ, ರಕ್ತ ನೋಡದೆ ತಿಳಿಯದು. ತೀರಾ ಬೇಗ ನೋಡಿದರೆ ಸೋಂಕು ಕಾಣದಿರಲೂಬಹುದಾದ್ದರಿಂದ ಈಗೊಮ್ಮೆ, ಕೂಡಿದ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಸೋಂಕಿದ್ದರೂ ದಿನವೂ ತಪ್ಪದೆ ಮಾತ್ರೆ ನುಂಗಿ ನನ್ನಷ್ಟು ವಯಸ್ಸಾಗುವವರೆಗೆ ಬದುಕಬಹುದಂತೆ. ಹಲಗೆಯ ಆ ಕೊನೆಯ ಸಾಲನ್ನು ನಾನೇ ಒದ್ದೆ ಬಟ್ಟೆಯಿಂದ ಅಳಿಸಿದೆ.

ಆದಕಾರಣ ನನ್ನ ಅಪ್ಪಣೆಯನ್ನು ಈ ಮೂಲಕ ರದ್ದುಪಡಿಸಿದ್ದೇನೆ. ಪತ್ರ ತಲುಪಿದ ದಿನವೇ ಹೋಗತಕ್ಕದ್ದು, ಗೆಳತಿಯನ್ನೂ ಕರೆದೊಯ್ಯತಕ್ಕದ್ದು. ಇಬ್ಬರಿಗೂ ಈ ಹಿರಿಯನ ಆಶೀರ್ವಾದಗಳು.

ಅವಸರದಲ್ಲಿ ಒಂದು ಮಾತು: ಸೂಜಿ ಏನೂ ಅಲ್ಲ, ಫಲಿತಾಂಶಕ್ಕಾಗಿ ಬೆಂಚಿನ ಮೇಲೆ ಕಾಯುವ ಅರ್ಧ ಗಂಟೆಯೇ ಕಷ್ಟ. ನಿನಗಿಂತ ಮೊದಲು ನೋಡಿಬರೋಣವೆಂದು ನಿನ್ನೆ ಯಾವ ಭಯವೂ ಇಲ್ಲದೆ ಪರೀಕ್ಷೆಗೆ ಹೋದ ನಾನೇ ನನ್ನ ಹಲಗೆಯನ್ನು ಏಳು ಸಲ ಓದಿದೆ. ನೀನು ಒಬ್ಬನೇ ಕೂರಬೇಡ. ಬಾ ಎಂದರೆ ಮೊದಲ ಬಸ್ಸಿಗೇ ಹೊರಡುತ್ತೇನೆ.

(ಸಹಿ) ನಿನ್ನ ಅಣ್ಣ

ಲಗತ್ತು: ೧. ನನ್ನ ರಕ್ತ ಪರೀಕ್ಷೆಯ ವರದಿ, ಹಾಳೆ ಒಂದು.