ಜೋರಾಗಿ ಓದಿದ ಕಾಗದ

ನಮ್ಮ ಮನೆ, ಕಿಟಕಿಯ ಹತ್ತಿರ
ಮಾರ್ಚ್ ೧೪, ಗುರುವಾರ ಸಂಜೆ

ಪ್ರೀತಿಯ ಅಣ್ಣಾ,

ಮೊದಲು ನನ್ನ ಕೈಬರಹವನ್ನು ಮನ್ನಿಸು. ಐದನೇ ಕ್ಲಾಸಿಗೆ ನಿಂತುಹೋದ ಅಕ್ಷರ, ಆಮೇಲೆ ಬೆಳೆಯಲೇ ಇಲ್ಲ. ತಪ್ಪುಗಳಿದ್ದರೆ ನೀನೇ ತಿದ್ದಿಕೊಂಡು ಓದು, ಹಡಗಿನ ಅಡುಗೆಮನೆಯವರಿಗೆಲ್ಲ ತೋರಿಸಿ ನಗಬೇಡ. ಹೇಗಿದ್ದೀಯ? ಎಡಗೈ ಈಗ ಮುಷ್ಟಿ ಹಿಡಿಯುತ್ತದೆಯೇ? ಈರುಳ್ಳಿ ಹೆಚ್ಚುವಾಗ ಬೇರೆ ಕಡೆ ನೋಡುವ ನಿನ್ನ ಚಾಳಿ ಅಲ್ಲಿಗೂ ಬಂದಿದೆ ಅಂದುಕೊಂಡೆ. ಅಮ್ಮ ಆರೋಗ್ಯವಾಗಿದ್ದಾಳೆ, ಕಿವಿ ಮಾತ್ರ ಹಾಗೇ ಇದೆ. ನಾನೂ ಚೆನ್ನಾಗಿದ್ದೇನೆ. ಟೈಲರ್ ಅಕ್ಕ ಈಗ ನನ್ನ ಕೈಗೆ ಕಾಲರ್ ಕೊಡುತ್ತಿದ್ದಾಳೆ. ದಿನವಿಡೀ ಗುಂಡಿ ಹಾಕುವ ಕೆಲಸ ತಪ್ಪಿತು.

ಕಂಪ್ಯೂಟರಿನಲ್ಲಿ ಬರೆದರೆ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ನಿನಗೆ ಸಿಗುತ್ತದೆ, ಕಾಗದವಾದರೆ ನೀನಿರುವ ಬಂದರನ್ನು ಹುಡುಕಿಕೊಂಡು ಊರೂರು ಸುತ್ತಿ ತಿಂಗಳ ಮೇಲೆ ಬರುತ್ತದೆ ಅಂತ ನನಗೆ ಗೊತ್ತು. ಆದರೂ ಇದನ್ನು ಪೆನ್ನು ಹಿಡಿದೇ ಬರೆಯುತ್ತಿದ್ದೇನೆ. ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದನ್ನು ಸೈಬರ್ ಅಂಗಡಿಯಲ್ಲಿ ಕೂತು ಬರೆಯುವ ಧೈರ್ಯ ನನಗಿಲ್ಲ, ಯಾಕೆಂದರೆ ಆ ತಪ್ಪು ನಡೆದದ್ದೇ ಅಲ್ಲಿ.

ಆ ಅಂಗಡಿಯನ್ನು ನೀನು ನೋಡಿಲ್ಲ, ನೀನು ಹಡಗು ಹತ್ತಿದ ಮೇಲೆ ತೆರೆದದ್ದು. ಎಂಟು ಕಂಪ್ಯೂಟರ್, ನಡುನಡುವೆ ಭುಜದೆತ್ತರದ ಹಲಗೆ. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂರುವವರನ್ನು ಎಲ್ಲರೂ ಕನ್ನಡಕದ ಮಾಮ ಅನ್ನುತ್ತಾರೆ. ಅವರ ತಲೆಯ ಮೇಲೊಂದು ಬೋರ್ಡು: ಪಕ್ಕದವರ ಪರದೆ ನೋಡಬೇಡಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಏಳುವ ಮೊದಲು ಲಾಗೌಟ್ ಮಾಡಿ. ಅದೆಲ್ಲ ಬೇರೆಯವರಿಗೆ ಬರೆದದ್ದು ಅಂತ ನಾನೂ ಅಮ್ಮನೂ ಎಂಟು ತಿಂಗಳು ನಂಬಿದ್ದೆವು. ಪ್ರತಿ ಭಾನುವಾರ ನಾಲ್ಕನೇ ನಂಬರಿನ ಮುಂದೆ ನಾನು ಕುರ್ಚಿಯಲ್ಲಿ, ಅಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ. ನೂಲಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕಿವಿ, ಮೆಲ್ಲಗೆ ಹೇಳಿದ್ದು ಅದಕ್ಕೆ ಮಾತೇ ಅಲ್ಲ. ಮೇಲಾಗಿ ಮಾತಾಡುವುದೂ ಮೆಷಿನ್ ಓಡುತ್ತಿರುವ ಹಾಗೆಯೇ. "ಪಾಸ್‌ವರ್ಡ್ ಮರೆತ್ಯೇನೇ? ಸೂಜಿ ಅಂತ ಹಾಕೇ, ಅವ್ನು ನಿನ್ನ ಕರೆಯೋ ಹೆಸರೇ ಅಲ್ವಾ!" ಅಂತ ಒಂದು ಸಲ ಕೂಗಿದಳು. ಮಾಮ ಕೆಮ್ಮಿದರು. ಅಮ್ಮ ಅವರ ಕೆಮ್ಮಿಗೆ ಶುಂಠಿ ಕಷಾಯ ಕುಡಿಯಲು ಹೇಳಿದಳು.

ಇನ್ನು ನನ್ನ ಓದು. ಅಕ್ಷರಕ್ಕೆ ಅಕ್ಷರ ಕೂಡಿಸಿ ಬಾಯಿಬಿಟ್ಟು ಅಂದರೇನೇ ನನಗೆ ಅದು ಮಾತಾಗುವುದು. ಬಾಯಿಂದ ಹೊರಬಿದ್ದು ನನ್ನ ಕಿವಿಗೆ ಬಂದ ಮೇಲೆಯೇ ಅರ್ಥ. ಹಾಗಾಗಿ ನೀನು ಬರೆದದ್ದು ಮೊದಲು ತಿಳಿಯುವುದು ಅಂಗಡಿಯವರಿಗೆ, ಕೊನೆಗೆ ತಿಳಿಯುವುದು ಓದಿದ ನನಗೆ. ಇಷ್ಟು ದಿನ ಅದರಿಂದ ತೊಂದರೆ ಆಗಿರಲಿಲ್ಲ. ನಿನ್ನ ಸಮುದ್ರ, ನಿನ್ನ ಅಡುಗೆ, ನಿನ್ನ ಬಾಣಸಿಗನ ಸಿಟ್ಟು, ಎಲ್ಲವನ್ನೂ ಎಂಟು ಕುರ್ಚಿಗಳಿಗೆ ಓದಿ ಹೇಳಿದ್ದೇನೆ. ಪಾಪ, ಕೇಳಿಸದವರ ಹಾಗೆ ಅವರೆಲ್ಲ ಎಷ್ಟು ಚೆನ್ನಾಗಿ ನಟಿಸುತ್ತಿದ್ದರು ಅಂತ ಈಗ ಗೊತ್ತಾಗುತ್ತಿದೆ.

ಹೋದ ಭಾನುವಾರ ನಿನ್ನ ಮೇಲ್ ಉದ್ದವಿತ್ತು. ಖುಷಿಯಿಂದ ಶುರು ಮಾಡಿದೆ. ಕೈ ಕೊಯ್ದುಕೊಂಡೆ, ಬಂದರಿನ ಆಸ್ಪತ್ರೆಯ ನರ್ಸು ಆರು ಹೊಲಿಗೆ ಹಾಕಿದಳು ಅಂತ ಓದುತ್ತಲೇ ಅಮ್ಮ "ಆರಾ!" ಅಂತ ಕಿರುಚಿದಳು. ಹಡಗು ರಿಪೇರಿಗೆ ಅಲ್ಲೇ ನಿಂತಿದೆ, ಹೊಲಿಗೆ ಬಿಚ್ಚಿದ ಮೇಲೂ ನಾನು ದಿನಾ ಆಸ್ಪತ್ರೆಗೆ ಹೋಗುತ್ತಿದ್ದೇನೆ ಅಂತ ಓದಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗಿನ್ನೂ ಅರ್ಥವಾಗಿರಲಿಲ್ಲ ನೋಡು. ಹಾಗೇ ಮುಂದಕ್ಕೆ ಹೋದೆ. ಆ ನರ್ಸಿನ ಗಂಡ ತೀರಿಕೊಂಡಿದ್ದಾನೆ, ಮೂರು ವರ್ಷದ ಮಗಳಿದ್ದಾಳೆ, ಅವಳನ್ನು ಮದುವೆಯಾಗಬೇಕು ಅಂತಿದ್ದೇನೆ, ಅಮ್ಮ ಬೇಡವೆಂದರೆ ಆಗುವುದಿಲ್ಲ. ಅಮ್ಮ ಎರಡನೇ ಮದುವೆಯಾಗಿ ನನ್ನನ್ನು ಎತ್ತಿಕೊಂಡು ಅಪ್ಪನ ಮನೆಗೆ ಬಂದಾಗ ನನಗೂ ಮೂರೇ ವರ್ಷ, ಆಗ ಜನರಿಂದ ಏನೇನು ಕೇಳಿದಳೋ, ಅದೆಲ್ಲ ಮತ್ತೆ ನೆನಪಾದೀತು ಅಂತ ಬರೆದಿದ್ದೆ ನೀನು. ಅಷ್ಟನ್ನೂ ಓದಿದೆ ಅಣ್ಣಾ, ಅಮ್ಮನ ಕಿವಿಗೆ ಮುಟ್ಟುವಷ್ಟು ಜೋರಾಗಿ. ನಮ್ಮ ಮನೆಯ ನಾಲ್ಕು ಗೋಡೆಯೊಳಗೂ ಯಾರೂ ಆಡದ ಮಾತು ಅದು. ಅಪ್ಪ ಬದುಕಿದ್ದಷ್ಟು ದಿನವೂ ನೀನು ಅಪ್ಪನ ಮಗನೇ ಆಗಿದ್ದೆ, ನಾನು ನಿನ್ನ ಬೆನ್ನಿಗೆ ಹುಟ್ಟಿದವಳೇ ಆಗಿದ್ದೆ. ಕೊನೆಯ ಸಾಲು ಬಂತು: "ಸೂಜಿ, ಇದನ್ನು ಅಮ್ಮನಿಗೆ ಓದಿ ಹೇಳಬೇಡ, ಸಮಯ ನೋಡಿ ಮೆಲ್ಲಗೆ ತಿಳಿಸು." ಅದನ್ನೂ ಓದಿಬಿಟ್ಟೆ. "ಯಾಕಂತೆ?" ಅಂದಳು ಅಮ್ಮ.

ಓದಬೇಡ ಅನ್ನುವುದನ್ನು ಯಾರಾದರೂ ಕೊನೆಯಲ್ಲಿ ಬರೆಯುತ್ತಾರಾ? ನಿನ್ನದೂ ಅರ್ಧ ತಪ್ಪಿದೆ ಅಂತ ನನ್ನ ಸಮಾಧಾನಕ್ಕೆ ಅಂದುಕೊಂಡಿದ್ದೇನೆ. ಅಂಗಡಿಯಲ್ಲಿ ಎಲ್ಲರ ತಲೆ ಪರದೆಯೊಳಗೆ ಹೂತುಹೋಗಿತ್ತು. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಡೆದೇಬಿಟ್ಟಳು. ನಾನು ಹಿಂದೆಯೇ ಓಡಿದೆ. ಮನೆ ಮುಟ್ಟಿದ ಮೇಲೆ ನೆನಪಾಯಿತು. ನಿನ್ನ ಮೇಲನ್ನು ಮುಚ್ಚಿರಲಿಲ್ಲ! ಯಾರು ಬೇಕಾದರೂ ಓದಬಹುದು, ನನ್ನ ಹೆಸರಿನಲ್ಲಿ ನಿನಗೆ ಏನು ಬೇಕಾದರೂ ಬರೆಯಬಹುದು. ಬಂದ ದಾರಿಯಲ್ಲೇ ಮತ್ತೆ ಓಡಿದೆ. ನೋಡಿದರೆ, ನಾಲ್ಕನೇ ನಂಬರಿನ ಪರದೆಯ ಮೇಲೆ ಒಂದು ಕರ್ಚೀಫು ಹೊದಿಸಿತ್ತು. ಅದರ ಮುಂದೆ ಪರದೆಗೆ ಬೆನ್ನು ಹಾಕಿ, ಕಾವಲುಗಾರನ ಹಾಗೆ ಕೈಕಟ್ಟಿ ಕೂತಿದ್ದವನು ಎದುರಂಗಡಿಯ ಗಡಿಯಾರ ರಿಪೇರಿಯವನು. ನಮ್ಮ ನಂತರ ಅವನ ಸರದಿ ಇತ್ತಂತೆ. ಮಾಮ ಟೀ ಕುಡಿಯಲು ಹೋಗಿದ್ದರು. ಮುಚ್ಚಲು ಕೈಹಾಕಿದರೆ ಕಣ್ಣು ಬೀಳುತ್ತದೆ ಅಂತ ಅವನು ತನ್ನ ಸಮಯವನ್ನೆಲ್ಲ ಹಾಗೆ ಕಳೆದಿದ್ದ. "ಒಂದಕ್ಷರಾನೂ ನೋಡಿಲ್ಲ ಕಣ್ರೀ" ಅಂದ. ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು, "ನೋಡೋಕೆ ಏನು ಉಳಿದಿತ್ತು ಹೇಳಿ" ಅಂದ. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು, ಆದರೆ ನಗುವೂ ಬಂತು. ಕರ್ಚೀಫು ಒಗೆದು ಕೊಡುತ್ತೇನೆ ಅಂತ ತಂದಿದ್ದೇನೆ. ಅದಕ್ಕೆ ನೀನು ಬೇರೆ ಅರ್ಥ ಹಚ್ಚಬೇಡ.

ಮಾರನೇ ದಿನದಿಂದ ಬೀದಿಯವರು ಏನೂ ಗೊತ್ತಿಲ್ಲದ ಹಾಗಿರಲು ಪಡುವ ಪಾಡು ನೋಡಬೇಕಿತ್ತು ನೀನು. ಬ್ರೆಡ್ ಅಂಗಡಿಯವಳು ಎರಡು ಬನ್ನು ಜಾಸ್ತಿ ಹಾಕಿ, "ಯಾತಕ್ಕೂ ಅಲ್ಲ, ಸುಮ್ನೆ" ಅಂದಳು. ಔಷಧಿ ಅಂಗಡಿಯ ಅಜ್ಜ ಯಾರೂ ಕೇಳದೆಯೇ, "ನರ್ಸ್ ಕೆಲ್ಸ ಅಂದ್ರೆ ಭಾಳ ಒಳ್ಳೇ ಕೆಲ್ಸ, ಸುಮ್ನೆ ಹೇಳ್ದೆ" ಅಂದ. ಕನ್ನಡಕದ ಮಾಮ ನಾಲ್ಕನೇ ನಂಬರನ್ನು ಮೂಲೆಗೆ ಸರಿಸಿ ಪರದೆ ಬಟ್ಟೆ ಕಟ್ಟಿಸಿದ್ದಾರೆ. ಹೊಲಿದು ಕೊಟ್ಟವಳು ನಾನೇ. ಬೋರ್ಡಿನಲ್ಲಿ ನಾಲ್ಕನೇ ಸಾಲು ಸೇರಿದೆ: ಬಂದ ಕಾಗದ ಮನಸ್ಸಿನಲ್ಲೇ ಓದಿಕೊಳ್ಳಿ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಓದಲು ಬಾರದವರ ಜೊತೆ ಬಂದವರು ಮೂಲೆಯಲ್ಲಿ ಕೂರಬಹುದು ಅಂತ ಇದೆ. ಅದನ್ನು ನೋಡಿ ನನ್ನ ಕಣ್ಣು ಸ್ವಲ್ಪ ಒದ್ದೆಯಾಯಿತು. ಪಾಸ್‌ವರ್ಡನ್ನೂ ಬದಲಾಯಿಸಿದ್ದೇನೆ. ಈ ಸಲ ಅಮ್ಮನಿಗೂ ಹೇಳಿಲ್ಲ. ಮನಸ್ಸಿನಲ್ಲಿ ಓದುವುದನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಟೈಲರ್ ಅಕ್ಕನ ಹತ್ತಿರ ಕಲಿಯುತ್ತಿದ್ದೇನೆ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಓದು ಅನ್ನುತ್ತಾಳೆ, ಬಾಯಿ ತೆರೆದರೆ ಬಿದ್ದುಹೋಗುತ್ತದಲ್ಲ. ಇವತ್ತು ಮೂರು ಸಾಲು ಬೀಳಿಸದೆ ಓದಿದೆ.

ಆದರೆ ಅಮ್ಮ ನಾಲ್ಕು ದಿನದಿಂದ ಆ ವಿಷಯ ಎತ್ತಿಲ್ಲ. ಕೈ ಬಗ್ಗೆ ಕೇಳುತ್ತಾಳೆ, ಆರು ಹೊಲಿಗೆ ಎಷ್ಟು ಉದ್ದ ಇರುತ್ತೆ ಅಂತ ನನ್ನ ಟೇಪಿನಲ್ಲಿ ಅಳತೆ ಹಾಕಿಸುತ್ತಾಳೆ. ಮದುವೆಯ ಮಾತು ಬಂದರೆ ಎದ್ದು ಅಪ್ಪನ ಪೆಟ್ಟಿಗೆ ತೆರೆದು ಕೂರುತ್ತಾಳೆ. ನಾಲ್ಕು ಜನರ ಮುಂದೆ ಆದದ್ದಕ್ಕೆ ಬೇಜಾರೋ, ಹಳೆಯದು ನೆನಪಾಯಿತೋ, ಕೇಳಲು ನನಗೆ ಬಾಯಿ ಬರುತ್ತಿಲ್ಲ. ನೀನು ಮೆಲ್ಲಗೆ ಹೇಳು ಅಂದದ್ದನ್ನು ನಾನು ಡಂಗುರ ಸಾರಿದೆ. ಅವಳು ಬೇಡ ಅಂದರೆ ಅದು ನನ್ನಿಂದಲೇ ಅಂತ ಹೆದರಿಕೆ. ಬೈಯುವುದಿದ್ದರೆ ಬೈದು ಬರಿ. ಮೂಲೆಯಲ್ಲಿ ಕೂತು ಓದಿಕೊಳ್ಳುತ್ತೇನೆ.

ಕೈ ಒದ್ದೆ ಮಾಡಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅವರಿಬ್ಬರಿಗೂ ನನ್ನ ಪ್ರೀತಿ ತಿಳಿಸು, ಮಗುವಿಗೊಂದು ಮುತ್ತು ಹೆಚ್ಚಿಗೆ.

ನಿನ್ನ ತಂಗಿ,
ಸೂಜಿ

ಮರೆತಿದ್ದೆ, ಅಲ್ಲ, ಈಗಷ್ಟೇ ಆದದ್ದು, ಶುಕ್ರವಾರ ಬೆಳಿಗ್ಗೆ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಅಮ್ಮ "ತಡಿಯೇ" ಅಂದಳು. ಅಪ್ಪನ ಪೆಟ್ಟಿಗೆಯಿಂದ ಒಂದು ಜೊತೆ ಪುಟ್ಟ ಚಪ್ಪಲಿ ತಂದು ನನ್ನ ಮುಂದಿಟ್ಟಳು. ನಿನ್ನವು. ಮದುವೆಗೆ ಮುಂಚೆ ಅಪ್ಪ ಒಂದು ದಾರ ಕಳಿಸಿ, ಮಗುವಿನ ಪಾದದ ಅಳತೆಗೆ ಗಂಟು ಹಾಕಿ ಕೊಡು ಅಂದಿದ್ದರಂತೆ. ನಿನ್ನನ್ನು ಎತ್ತಿಕೊಂಡು ಬಾಗಿಲಿಗೆ ಬಂದಾಗ ಹೊಸ್ತಿಲ ಒಳಗೆ ಇವು ಕಾಯುತ್ತಿದ್ದವಂತೆ. "ಜನ ಅಂದದ್ದು ಒಂದೂ ನೆನಪಿಲ್ಲ ಕಣೇ, ಇದು ನೆನಪಿದೆ" ಅಂದಳು. ನಾಲ್ಕು ದಿನ ಹುಡುಕಿದ್ದು ಇದನ್ನೇ. ಆಮೇಲೆ ನನ್ನ ರೀಲಿನಿಂದ ಕೆಂಪು ದಾರ ಎಳೆದು, ಹಲ್ಲಿನಲ್ಲಿ ಕಚ್ಚಿ ಹರಿದು, ಮಡಿಸಿ ಲಕೋಟೆಯೊಳಗೆ ಹಾಕಿದಳು. "ಇದು ಆ ಕಂಪ್ಯೂಟರ್‌ನಾಗೆ ಹೋಗಲ್ಲ ಅಲ್ವಾ?" ಅಂತ ಕೇಳಿದಳು. ಹೋಗಲ್ಲ ಅಂದೆ. ಕಾಗದ ಬರುತ್ತಿದೆ, ಹೆದರಬೇಡ ಅಂತ ಇವತ್ತೇ ಮೂಲೆಯಲ್ಲಿ ಕೂತು ನಿನಗೆ ಒಂದು ಸಾಲು ಟೈಪ್ ಮಾಡುತ್ತೇನೆ. ದಾರವನ್ನು ಮಗುವಿನ ಪಾದಕ್ಕೆ ಹಿಡಿದು ಗಂಟು ಹಾಕಿ ಕಳಿಸು. ಕಾಗದ ಹೋಗಿ ಬರುವಷ್ಟರಲ್ಲಿ ಪಾದ ಬೆಳೆದಿರುತ್ತೆ, ಒಂದು ಬೆರಳಗಲ ಬಿಟ್ಟು ಗಂಟು ಹಾಕೋಕೆ ಹೇಳು ಅಂತ ಅಮ್ಮ ಕೂಗುತ್ತಿದ್ದಾಳೆ. ಬೀದಿಗೆಲ್ಲ ಕೇಳಿಸಿತು.